ಅಮ್ಮ ಹಿಡಿದ ಕಿಟಕಿ ಸೀಟು

ಅಪ್ಪಾ,

ನಿನ್ನ ಹೆಂಡತಿಯನ್ನು ಕಟ್ಟಿಕೊಂಡು ನಾನು ಇನ್ನೊಮ್ಮೆ ಹಡಗು ಹತ್ತುವುದಿಲ್ಲ. ನೀನು ಸಾಯುವವರೆಗೂ ನೋಡಬೇಕು ನೋಡಬೇಕು ಎನ್ನುತ್ತಿದ್ದ ಆ ಹಳೇ ಬಂದರಿನಲ್ಲಿ ಇವತ್ತು ಹಡಗು ಅರ್ಧ ದಿನ ನಿಂತಿತ್ತು. ಕಡಲಿಗೆ ಎದೆಯೊಡ್ಡಿ ನಿಂತ ಕೋಟೆ, ಗೋಡೆಯ ತುಂಬ ತುಕ್ಕು ಹಿಡಿದ ಫಿರಂಗಿಗಳು. ಅಮ್ಮ ನೋಡಿದ್ದೇನು ಗೊತ್ತೇ? ಹೆಬ್ಬಾಗಿಲ ನೆರಳು. "ನೀನ್ ಹೋಗಿ ಬಾರೆ, ನಂಗೆ ಕಾಲು ನೋವು" ಎಂದು ಕಲ್ಲುಬೆಂಚಿನ ಮೇಲೆ ಕೂತವಳು ಜಪ್ಪಯ್ಯ ಅಂದರೂ ಏಳಲಿಲ್ಲ.

ಹಡಗಿಗೆ ವಾಪಸು ಕರೆದೊಯ್ಯುವ ಬಸ್ಸು ಬಂದಾಗ ಮಾತ್ರ ಕಾಲು ನೋವು ಮಂಗಮಾಯ. ಎಲ್ಲರಿಗಿಂತ ಮುಂಚೆ ಹತ್ತಿ, ಪಕ್ಕದ ಕಿಟಕಿ ಸೀಟಿನ ಮೇಲೆ ಕೈಚೀಲ ಇಟ್ಟಳು. ಊರುಗೋಲಿನ ಮುದುಕರೊಬ್ಬರು ಕೇಳಿದರೆ, "ಇಲ್ಲಿ ಜನ ಇದಾರೆ, ಈಗ ಬರ್ತಾರೆ" ಅಂದಳು. ನನಗೇ ಇರಬೇಕೆಂದು ಕೂರಲು ಹೋದೆ.

"ಏಯ್, ನಿಂಗಲ್ಲ!"

"ಮತ್ಯಾರಮ್ಮ ಬರೋದು?" ಎಲ್ಲರೆದುರೇ ರೇಗಿಬಿಟ್ಟೆ.

ಅವಳು ಬಸ್ಸಿನ ಬಾಗಿಲ ಕಡೆ ನೋಡಿದಳು. ಆಮೇಲೆ ಚೀಲವನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಎಲ್ಲಾ ನೀನು ಮಾಡಿಟ್ಟ ಅಭ್ಯಾಸ. ಹೋದಲ್ಲೆಲ್ಲ ಕಲ್ಲು ಕಂಬ ಸವರುತ್ತ ಹಿಂದೆ ಉಳಿಯುವುದು, ಹಾರ್ನ್ ಹೊಡೆದ ಮೇಲೆ ಓಡೋಡಿ ಬರುವುದು, ಬಂದು ರಾಜನ ಹಾಗೆ ಕಿಟಕಿ ಪಕ್ಕ ಕೂರುವುದು. ಜೀವಮಾನವಿಡೀ ಒಮ್ಮೆಯೂ ಹೊತ್ತಿಗೆ ಸರಿಯಾಗಿ ಬರದವನಿಗೆ ಹೋಗುವಾಗ ಮಾತ್ರ ಅದೇನು ಅವಸರವಿತ್ತೋ.

ಮುದುಕರನ್ನು ಆ ಸೀಟಿನಲ್ಲಿ ಕೂರಿಸಿ ನಾನು ನಿಂತುಕೊಂಡೆ.

"ಎಲ್ರೂ ಬಂದ್ರಾ? ಹೊರಡ್ಲಾ?" ಡ್ರೈವರ್ ಕೂಗಿದ.

ಅಮ್ಮ ಮತ್ತೆ ಬಾಗಿಲ ಕಡೆ ನೋಡಿದಳು.

"ಒಂದ್ನಿಮಿಷ ಇರಿ" ಅಂದವಳು ನಾನು.