ಮೊಳೆಗೆ ಸಿಕ್ಕಿಸದ ಬಿಲ್ಲೆ

ಮೇ ೯, ಗುರುವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಫೋನಿನಲ್ಲಿ ನಿನ್ನ ಮೇಲೆ ರೇಗಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. "ಆ ಬೆಂಕಿ ವಿಷಯ ಬಿಟ್ಟು ಬೇರೆ ಏನಾದ್ರೂ ಆಡಿಸು, ನಿನ್ನ ದಮ್ಮಯ್ಯ" ಎಂದೆ ನೀನು. ನಾನು ಕರಪತ್ರ ಓದಿದ ಹಾಗೆ ಒಂದು ಭಾಷಣ ಬಿಗಿದು ಫೋನ್ ಇಟ್ಟೆ. ಯಾಕೆ ಬಿಡಬೇಕೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಕ್ಕಳ ಇತಿಹಾಸ ಶಿಬಿರಕ್ಕೆ ಇನ್ನು ಹತ್ತೇ ದಿನ. ನಮ್ಮ ವಸ್ತುಸಂಗ್ರಹಾಲಯ ಹಿಂದೆ ಬೆಂಕಿಪೊಟ್ಟಣದ ಕಾರ್ಖಾನೆಯಾಗಿತ್ತಲ್ಲ, ಅಲ್ಲೇ ಶಿಬಿರ. ಎರಡು ವಾರದಿಂದ ನನ್ನ ಬೆರಳೆಲ್ಲ ಅಂಟು. ಪೊಟ್ಟಣ ಮಡಿಸಲು ರಟ್ಟು ಕತ್ತರಿಸಿದ್ದೇನೆ, ಕಡ್ಡಿಗಳ ತುದಿಗೆ ಕೆಂಪು ಬಣ್ಣ ಕಲಸಿದ್ದೇನೆ (ಮದ್ದಲ್ಲ, ಹೆದರಬೇಡ), ಚಿನ್ನದ ಬಣ್ಣದ ಕಾಗದ ಸುತ್ತಿ ನಲವತ್ತು ಬಿಲ್ಲೆ ಮಾಡಿದ್ದೇನೆ. ಆಗಿನ ಕೆಲಸಗಾರರಿಗೆ ತಲೆಗೊಂದು ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ನಂಬರು. ಒಳಗೆ ಹೋಗುವಾಗ ಬಾಗಿಲ ಬಳಿಯ ಹಲಗೆಯ ಮೊಳೆಗೆ ಸಿಕ್ಕಿಸಬೇಕು, ಹೊರಡುವಾಗ ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾದರೆ ಒಳಗೆ ಯಾರೂ ಇಲ್ಲವೆಂದು ಅರ್ಥ. ಗಂಟೆ ಹೊಡೆದ ಮೇಲೆ ಹಲಗೆಯ ಗಾಜಿಗೆ ಬೀಗ ಬೀಳುತ್ತಿತ್ತು. ತಡವಾದವರು ಮನೆಗೆ ವಾಪಸ್ಸು.

ಆ ಹಲಗೆ ಈಗಲೂ ಇದೆ. ಅದಕ್ಕೆ ಬೆನ್ನು ಹಾಕಿ ಕೂತರೆ ಹಿಂದೆ ಯಾರೋ ಸಾಲಾಗಿ ನಿಂತ ಹಾಗಾಗುತ್ತದೆ. ಎದುರು ಕೂತರೆ ಇಪ್ಪತ್ತೇಳನೆಯ ಮೊಳೆಯೊಂದೇ ಕಾಣುತ್ತದೆ. ನಾನು ದೆವ್ವ ನಂಬುವವಳಲ್ಲ, ನಿನಗೆ ಗೊತ್ತು.

ಇಪ್ಪತ್ತೇಳು ಅಂದರೆ ಹನ್ನೊಂದು ವರ್ಷದ ಹುಡುಗಿ. ಬೆಂಕಿ ಬಿದ್ದ ದಿನ, ಹಲಗೆ ಖಾಲಿಯಾದದ್ದನ್ನು ನೋಡಿ ಕಾವಲುಗಾರ, ಬೆಂಕಿ ಹರಡದಿರಲೆಂದು, ಒಣಗಿಸುವ ಕೋಣೆಯ ಕಬ್ಬಿಣದ ಬಾಗಿಲು ಹಾಕಿದ. ಅವಳು ಒಳಗಿದ್ದಳು. ಆಗಿನ ತನಿಖೆಯ ವರದಿಯಲ್ಲಿ ಇರುವುದು ಇಷ್ಟೇ: ಕಾವಲುಗಾರನ ನಿರ್ಲಕ್ಷ್ಯ. ಅವಳ ಹೆಸರೂ ಇಲ್ಲ, ಅವನ ಹೆಸರೂ ಇಲ್ಲ. ನನ್ನ ರಕ್ತ ಕುದಿಯಿತು. "ಬಾಗಿಲು ಹಾಕಿದ ಕೈ ಯಾರದು?" ಎಂದು ದೊಡ್ಡ ರಟ್ಟಿನ ಮೇಲೆ ಬರೆದೆ. ಕೆಳಗೆ "ಧಣಿಗಳ ನಾಯಿ" ಎಂದೂ ಬರೆದೆ ಅಮ್ಮಾ. ಮಕ್ಕಳಿಂದಲೇ ಅವನ ವಿಚಾರಣೆ ಆಡಿಸುವುದೆಂದು ಹಟ ಹಿಡಿದೆ. ನಮ್ಮ ಮೇಲ್ವಿಚಾರಕಿ, "ಮಕ್ಕಳು ಬಣ್ಣ ಬಳ್ಕೊಂಡು ನಗ್ತಾ ಹೋಗ್ಲಿ ಬಿಡೇ ತಾಯಿ, ಅವ್ರನ್ನೂ ಕೋರ್ಟಿಗೆ ಎಳೀತೀಯಾ?" ಅಂದರು. ಇತಿಹಾಸ ಹುಟ್ಟುಹಬ್ಬದ ಕೇಕಲ್ಲ ಎಂದು ಅವರ ಬಾಯಿ ಮುಚ್ಚಿಸಿದೆ.

ಆಮೇಲೆ ಪೊಟ್ಟಣದಜ್ಜಿ ಬಂದರು. ಮಕ್ಕಳಿಗೆ ಮಡಿಸುವುದನ್ನು ಕಲಿಸಲು ಕರೆಸಿದ ಹಳೆಯ ಕೆಲಸಗಾರ್ತಿ. ನನ್ನ ರಟ್ಟನ್ನು ಓದಿದರು. "ಅವನು ಕೆಟ್ಟೋನಲ್ಲ ಕಣೇ. ತಡವಾದ ಮಕ್ಕಳು ಅಳ್ತಾ ನಿಂತ್ರೆ, ಬಿಲ್ಲೆ ತನ್ನ ಜೇಬಿಗೆ ಹಾಕ್ಕೊಂಡು ಪಕ್ಕದ ಬಾಗಿಲಿಂದ ಒಳಗೆ ಬಿಡ್ತಿದ್ದ. ಅವತ್ತು ಅವಳನ್ನೂ ಹಾಗೇ ಬಿಟ್ಟಿದ್ದ. ನಿಮ್ಮಜ್ಜನ ಕಥೆ ನನ್ನಿಂದ ಕೇಳ್ತೀಯಲ್ಲೇ, ನಿಮ್ಮಮ್ಮ ಹೇಳ್ಲಿಲ್ವಾ?" ಎಂದರು.

ಅಜ್ಜ! ಸಂಜೆಯಾದರೆ ಹೊಸ್ತಿಲಲ್ಲಿ ನಿಂತು "ಎಲ್ಲ ಬಂದ್ರಾ?" ಎಂದು ಕೇಳುವ ನಮ್ಮ ಅಜ್ಜ. ನೀನು ಒಳಗಿನಿಂದ "ಎಲ್ಲ ಬಂದ್ರಪ್ಪ" ಅನ್ನುವವರೆಗೆ ಅವನು ಕೂರುವುದಿಲ್ಲ. ನಾನು ಅದನ್ನು ಅಣಕಿಸಿ ನಿನ್ನಿಂದ ಪೆಟ್ಟು ತಿಂದಿದ್ದೇನೆ.

ನಿಜ ಹೇಳುತ್ತೇನೆ, ಮೊದಲು ನನಗೆ ಕನಿಕರ ಬರಲಿಲ್ಲ. ಹಕ್ಕು ಇರಬೇಕಾದ ಕಡೆ ದಯೆ ಕೂತರೆ ಇನ್ನೇನಾಗುತ್ತದೆ ಎಂದುಕೊಂಡೆ. ರಟ್ಟನ್ನು ಹರಿಯಲಿಲ್ಲ.

ನಿನ್ನೆ ಎಂಟು ಮಕ್ಕಳನ್ನಿಟ್ಟುಕೊಂಡು ತಾಲೀಮು ಮಾಡಿದೆ. ನಾನೇ ಕಾವಲುಗಾರ. ಗಂಟೆ ಹೊಡೆದು ಹಲಗೆಗೆ ಬೀಗ ಹಾಕಿದ ಮೇಲೆ ಎದುರು ಮನೆಯ ದರ್ಜಿಯಕ್ಕನ ಮಗಳು ಏದುಸಿರು ಬಿಡುತ್ತ ಬಂದಳು. ಆಟದ ನಿಯಮದಂತೆ ಅವಳನ್ನು ವಾಪಸ್ಸು ಕಳಿಸಬೇಕು. "ತಮ್ಮನ್ನ ಮಲಗಿಸಿ ಬಂದೆ ಅಕ್ಕಾ" ಎಂದು ತುಟಿ ಕಚ್ಚಿ ನಿಂತಳು. ನಾನು ಅವಳ ಬಿಲ್ಲೆಯನ್ನು ನನ್ನ ಜೇಬಿಗೆ ಹಾಕಿಕೊಂಡು, "ಹೋಗು ಹೋಗು" ಎಂದು ಪಕ್ಕದ ಬಾಗಿಲು ತೋರಿಸಿದೆ.

ಆಟ ಮುಗಿಯಿತು, ಹಲಗೆ ಖಾಲಿ. ಒಣಗಿಸುವ ಕೋಣೆಗೆ ಬೀಗ ಹಾಕಿದೆ. ಅಂಟಿನ ಕುಂಚ ತೊಳೆದು, ಒದ್ದೆ ಕೈಯನ್ನು ಜೇಬಿಗೆ ಹಾಕಿದಾಗ ಬಿಲ್ಲೆ ಸಿಕ್ಕಿತು. ಓಡಿದೆ. ಅವಳು ಮೇಜಿನ ಕೆಳಗೆ ಕೂತು ಪೊಟ್ಟಣ ಮಡಿಸುತ್ತಿದ್ದಳು. "ಆಟ ಮುಗೀತಾ ಅಕ್ಕಾ?" ಎಂದಳು.

ರಟ್ಟನ್ನು ಹರಿದು ಹಾಕಿದ್ದೇನೆ. ಶಿಬಿರದಲ್ಲಿ ಬೆಂಕಿಯ ಕಥೆ ಇರುತ್ತದೆ, ವಿಚಾರಣೆ ಇರುವುದಿಲ್ಲ. ಮಕ್ಕಳು ಹಲಗೆ ಖಾಲಿಯಾದ ಮೇಲೂ ಒಂದೊಂದು ಕೋಣೆ ತೆರೆದು, ಹೆಸರು ಕೂಗಿ, ಉತ್ತರಕ್ಕೆ ಕಾಯಬೇಕು. ಅದೇ ಆಟ. ಕೂಗಲು ಇಪ್ಪತ್ತೇಳಕ್ಕೆ ಒಂದು ಹೆಸರು ಬೇಕು ಅಮ್ಮಾ. ಅಜ್ಜನಿಗೆ ಗೊತ್ತಿರಲೇಬೇಕು. ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಕೇಳು. ಅತ್ತರೆ ಅಳಲಿ.

ಇತಿ,
ನಿನ್ನ ಭಾಷಣಗಾರ್ತಿ ಮಗಳು

ಮ.ಬಿ.: ಜೇಬಿಗೆ ಕೈ ಹಾಕಿದಾಗ ನೆನಪಾಯಿತು ಎಂದೆನಲ್ಲ, ಅದು ಸುಳ್ಳು. ನನಗೆ ನೆನಪಾಗಲೇ ಇಲ್ಲ. ದರ್ಜಿಯಕ್ಕ ಮಗಳನ್ನು ಹುಡುಕಿಕೊಂಡು ಬಂದಾಗ ಖಾಲಿ ಹಲಗೆ ತೋರಿಸಿ, "ಎಲ್ಲ ಹೋದ್ರಲ್ಲಕ್ಕಾ" ಎಂದೆ. ಎಷ್ಟು ಖಚಿತವಾಗಿ ಹೇಳಿದೆ ಗೊತ್ತಾ! ಅವರು ನಂಬಿ, ಮಗಳನ್ನು ಕೂಗುತ್ತ ಬೀದಿಗಿಳಿದರು. ಆ ಕೂಗಿಗೆ ಹುಡುಗಿ ಒಳಗಿನಿಂದ ಓಗೊಟ್ಟಳು. ಬೀಗ ತೆಗೆಯುತ್ತ ನಾನು, ತಮಾಷೆಗೆ ಬಚ್ಚಿಟ್ಟುಕೊಂಡಿರಬೇಕು ಎಂದೆ. ದರ್ಜಿಯಕ್ಕ ಅವಳ ಕೆನ್ನೆಗೆ ಬಾರಿಸಿದರು. ಹುಡುಗಿ ಅಳದೆ ನನ್ನನ್ನೇ ನೋಡುತ್ತಿದ್ದಳು. ಬೆಳಗಿನಿಂದ ಎರಡು ಸಲ ಅವರ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೇನೆ.