ಮನೆ ನಂಬರು ಇನ್ನೂರ ಹದಿನಾಲ್ಕರ ಹನ್ನೊಂದು ಸೆಕೆಂಡು

ಮುಳುಗಡೆ ದಾಖಲೆಗಳ ಮುಖ್ಯಾಧಿಕಾರಿಗಳೇ,

ಒಬ್ಬ ತಾಯಿ ನಿಮ್ಮ ಕಚೇರಿಯನ್ನು ನಂಬಿದ್ದಳು. ನಿಮ್ಮ ಕಚೇರಿ ಅವಳ ಮಗಳ ಮುಖವನ್ನು ಕಳೆದುಹಾಕಿತು. ನನ್ನ ದೂರು ಇಷ್ಟೇ. ಇದನ್ನು ಮೂರು ಸಲ ಲಿಖಿತವಾಗಿ ತಿಳಿಸಿದ್ದೇನೆ. ಮೂರೂ ಸಲ ‘ಕಡತದಲ್ಲಿ ಇರಿಸಲಾಗಿದೆ’ ಎಂಬ ಉತ್ತರ ಬಂದಿದೆ. ಕಡತದಲ್ಲಿ ಇರಿಸುವುದೆಂದರೆ ನಿಮ್ಮಲ್ಲಿ ಏನರ್ಥ ಎಂಬುದು ಹನ್ನೆರಡು ವರ್ಷ ಅಲ್ಲೇ ದುಡಿದ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ನಾಲ್ಕನೆಯ ಪತ್ರವನ್ನು ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ನಾನು ತಬಸುಮ, ಇಳಕಲ್ಲಿನವಳು. ೨೦೧೨ರಿಂದ ನಿಮ್ಮ ಬಾಗಲಕೋಟೆ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಬ್ಯಾಕಪ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಈ ಕೆಲಸ ಏನೆಂದು ಕೇಳಿದವರಿಗೆ ನಾನು ಹೇಳುತ್ತಿದ್ದುದು ಹೀಗೆ: ಕಚೇರಿಯ ನಕಾಶೆ, ನೋಂದಣಿ, ಫೋಟೊ, ವಿಡಿಯೊ ಎಲ್ಲ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತವೆ. ಅದು ಯಾವತ್ತಾದರೂ ಕೆಡುತ್ತದೆ. ಕೆಡುವ ಮುಂಚೆ ಎಲ್ಲವನ್ನೂ ಟೇಪಿಗೆ ಇಳಿಸಿ ಇಡಬೇಕು. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಎಂಟುನೂರು ಮೀಟರು ರೀಲು. ನಮ್ಮಲ್ಲಿ ಅಂಥವು ನಲವತ್ತೆರಡಿದ್ದವು. ಅವುಗಳದೇ ಇನ್ನೊಂದು ಪ್ರತಿ ಬಾದಾಮಿಯ ಉಪಕಚೇರಿಯ ಕಪಾಟಿನಲ್ಲಿತ್ತು. ಒಂದು ಊರಲ್ಲಿ ಬೆಂಕಿಯೋ ನೀರೋ ಬಂದರೆ ಇನ್ನೊಂದು ಊರಲ್ಲಿ ಉಳಿಯಲಿ ಎಂದು.

ಈ ವ್ಯವಸ್ಥೆ ಮಾಡಿದವರು ನನ್ನ ಹಿರಿಯರಾದ ನೀಲಪ್ಪನವರು. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನನಗೆ ಹೇಳಿದ್ದರು: “ಬರದಿಟ್ಟೀವಿ ಅಂತ ಕಾಲ ಚಾಚಿ ಕುಂದರಬ್ಯಾಡ ತಬಸುಮ. ಆರ ತಿಂಗಳಿಗೊಮ್ಮಿ ಹೊಳ್ಳಿ ಓದಿ ನೋಡು. ಓದಾಕ ಬಂತಂದ್ರಷ್ಟ ಅದು ಐತಿ ಅಂತ ತಿಳಿ.” ಅವರು ನಿವೃತ್ತರಾಗುವವರೆಗೂ ಹಾಗೆಯೇ ಓದಿ ನೋಡುತ್ತಿದ್ದೆವು. ನಂತರ ನಿಮ್ಮ ಕಚೇರಿಗೆ ಓದುವ ಅಗತ್ಯ ಕಾಣಲಿಲ್ಲ. ಪರದೆಯ ಮೇಲೆ ಹಸಿರು ಗುರುತು ಬಂದರೆ ಸಾಕೆಂದು ಸುತ್ತೋಲೆ ಬಂತು.

ಆ ಟೇಪುಗಳಲ್ಲಿ ಏನಿತ್ತೆಂಬುದು ನಿಮಗೆ ಗೊತ್ತಿದೆಯೋ ಇಲ್ಲವೋ, ಓದುವವರಿಗಾದರೂ ಗೊತ್ತಾಗಲಿ. ೧೯೯೭ರಲ್ಲಿ, ಅಣೆಕಟ್ಟಿನ ಹಿನ್ನೀರು ಏರುವ ಮೊದಲು, ಮುಳುಗಲಿದ್ದ ಪ್ರತಿ ಮನೆಯನ್ನೂ ವಿಡಿಯೊ ಮಾಡಿಸಿದ್ದರು. ಮನೆಯವರು ಬಾಗಿಲ ಮುಂದೆ ನಿಲ್ಲಬೇಕು, ಮನೆ ನಂಬರು ಬರೆದ ಪಾಟಿ ಹಿಡಿಯಬೇಕು, ನಂಬರು ಮತ್ತು ಯಜಮಾನನ ಹೆಸರು ಹೇಳಬೇಕು. ಕ್ಯಾಮರಾ ಮೊದಲು ಪಾಟಿಯನ್ನು ಹತ್ತಿರದಿಂದ ತೋರಿಸಿ, ನಂತರ ನಿಂತವರ ಮುಖಕ್ಕೆ ಏರಿ, ಆಮೇಲೆ ಗೋಡೆ, ತೊಲೆ, ದನದ ಕೊಟ್ಟಿಗೆ ಎಲ್ಲ ಸುತ್ತಬೇಕು. ಸರ್ಕಾರಕ್ಕೆ ಬೇಕಾಗಿದ್ದುದು ಗೋಡೆ ಮತ್ತು ತೊಲೆ. ಮನುಷ್ಯರು ಅಳತೆಯ ಜೊತೆ ಹಾಗೇ ಬಂದುಬಿಟ್ಟರು. ಆಗ ಆ ಊರುಗಳಲ್ಲಿ ಯಾರ ಮನೆಯಲ್ಲಿ ಕ್ಯಾಮರಾ ಇತ್ತು? ಎಷ್ಟೋ ಜನರ ನಡೆ, ನಗು, ದನಿ ಉಳಿದದ್ದು ನಿಮ್ಮ ಆ ವಿಡಿಯೊಗಳಲ್ಲಿ ಮಾತ್ರ. ೨೦೧೦ರಲ್ಲಿ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಬೂಷ್ಟು ಹಿಡಿದಿವೆ ಎಂದು ಮೂಲ ಕ್ಯಾಸೆಟ್ಟುಗಳನ್ನು ಸುಟ್ಟರು.

೨೦೧೬ರಲ್ಲಿ ಹುನಗುಂದ ತಾಲೂಕಿನ ರಂಗವ್ವ ಎಂಬವರು ಯಾವುದೋ ಜಮೀನಿನ ಉತಾರಕ್ಕೆ ಬಂದಾಗ, ಅವರ ಮನೆಯ ವಿಡಿಯೊ ತೆಗೆದು ತೋರಿಸಿದ್ದೆ. ತೀರಿಹೋದ ಗಂಡ ಬಾಗಿಲಲ್ಲಿ ನಿಂತು ರುಮಾಲು ಸರಿಮಾಡಿಕೊಳ್ಳುತ್ತಿದ್ದರು. ರಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, “ಬಾಯಾರ, ಹೊಳ್ಳಿ ತೋರಸ್ರಿ” ಎಂದರು. ಎರಡು ನಿಮಿಷದ ಕೆಲಸ. ನನ್ನ ಇಡೀ ಚಾಕರಿಯಲ್ಲಿ ಅಷ್ಟು ಸಾರ್ಥಕವಾದ ಎರಡು ನಿಮಿಷ ಇನ್ನೊಂದಿಲ್ಲ.

೨೦೧೯ರಲ್ಲಿ ಸರ್ವರನ್ನು ರಾಜಧಾನಿಗೆ ಸ್ಥಳಾಂತರಿಸುವ ಆದೇಶ ಬಂತು. ‘ಚಾಲ್ತಿಯಲ್ಲಿರುವ’ ದಾಖಲೆಗಳು ಮಾತ್ರ ಹೋಗತಕ್ಕದ್ದು. ಮನೆಗಳ ವಿಡಿಯೊ ‘ಮುಕ್ತಾಯಗೊಂಡ’ ದಾಖಲೆ. ಆಗ ನಿಮ್ಮ ಕುರ್ಚಿಯಲ್ಲಿದ್ದವರ ಎದುರು ನಿಂತು, ಅವನ್ನೂ ಕಳಿಸೋಣವೆಂದು ಬೇಡಿಕೊಂಡೆ. “ನೀರೊಳಗಿರೋ ಮನೆ ಈಗ ಯಾರಿಗೆ ಬೇಕಮ್ಮ? ಟೇಪಿನಲ್ಲಿ ಹೇಗಿದ್ರೂ ಇದೆಯಲ್ಲ” ಎಂದರು. ಡಿಸ್ಕುಗಳನ್ನು ಅಳಿಸಿದರು. ಸರ್ವರೇ ಇಲ್ಲದ ಕೋಣೆಗೆ ತಂಪು ಯಾಕೆಂದು ಎಸಿ ಕಿತ್ತರು. ಟೇಪು ಓದುವ ಯಂತ್ರ ಮುರಿದ ಕುರ್ಚಿಗಳ ಜೊತೆ ಹರಾಜಾಯಿತು. ಟೇಪುಗಳ ಕಪಾಟು ಕೆಳಮಹಡಿಯ ಶೌಚಾಲಯದ ಗೋಡೆಗೆ ಆತುಕೊಂಡಿತು. ಒಂದು ಬದಿಗೆ ಬಾಗಲಕೋಟೆಯ ಬಿಸಿಲು, ಇನ್ನೊಂದು ಬದಿಗೆ ಸೋರುವ ಕೊಳವೆ. ಟೇಪಿಗೆ ಬೇಕಾದ್ದು ಒಣ ತಂಪು ಎಂದು ಟಿಪ್ಪಣಿ ಬರೆದೆ. ಓದುವ ಯಂತ್ರವನ್ನು ಉಳಿಸಿಕೊಳ್ಳಬೇಕು, ಇನ್ನು ಕೆಲವು ವರ್ಷಕ್ಕೆ ಹೊಸ ಯಂತ್ರಗಳು ಈ ಹಳೆಯ ಟೇಪನ್ನು ಓದಲಾರವು ಎಂದು ಹರಾಜಿಗೆ ಮುಂಚೆಯೇ ಬರೆದಿದ್ದೆ. ಕಡತದಲ್ಲಿ ಇರಿಸಲಾಯಿತು.

ಮರುವರ್ಷ ಬಾದಾಮಿಯ ಪ್ರತಿ ‘ಅನಗತ್ಯ ನಕಲು’ ಆಯಿತು. ಒಂದೇ ವಸ್ತು ಎರಡು ಕಡೆ ಏಕಿದೆ ಎಂದು ತಪಾಸಣೆಗೆ ಬಂದವರು ಕೇಳಿದ್ದರಂತೆ. ವಿಲೇವಾರಿ ಪಟ್ಟಿ ತಯಾರಾಯಿತು. ಅದರ ಕೆಳಗೆ ಮೂವರ ಸಹಿ ಬೇಕಿತ್ತು. ಮೂರನೆಯದು ನನ್ನದು. ಗುತ್ತಿಗೆ ನವೀಕರಣದ ತಿಂಗಳಾಗಿತ್ತು ಅದು. ಸಹಿ ಹಾಕಿದೆ. ಈ ಪತ್ರದಲ್ಲಿ ನಿಮ್ಮನ್ನು ಎಷ್ಟೇ ಬೈದರೂ ಆ ಸಹಿಯನ್ನು ಅಳಿಸಲು ನನಗೆ ಬರುವುದಿಲ್ಲ.

೨೦೨೨ರಲ್ಲಿ ದುರಗವ್ವ ಬಂದರು.

ಅವರದು ಕಲಾದಗಿಯಿಂದ ಕೆಳಗೆ ಹೊಳೆದಂಡೆಯ ಊರು. ಮುಳುಗಡೆಯಾದ ಮೇಲೆ ತಂಗಿಯ ಊರಾದ ಬೇವೂರಿಗೆ ಬಂದು ನೆಲೆಸಿದವರು. ವಿಡಿಯೊ ಮಾಡಿದ ದಿನ ದುರಗವ್ವ ಹೊಲದಲ್ಲಿದ್ದರು. ಪಾಟಿ ಹಿಡಿದು ನಿಂತವಳು ಎಂಟು ವರ್ಷದ ಮಗಳು ರೋಹಿಣಿ. ಹೊಸ ಊರಿಗೆ ಬಂದ ಮರುವರ್ಷ ಕಾಮಣಿ ರೋಗದಿಂದ ಆ ಹುಡುಗಿ ಹೋಗಿಬಿಟ್ಟಳು. ಅವಳದೊಂದು ಫೋಟೊ ಕೂಡ ಇಲ್ಲ. ರಂಗವ್ವ ಯಾವುದೋ ಮದುವೆಯಲ್ಲಿ ಸಿಕ್ಕಾಗ ತಾನು ಕಂಡದ್ದನ್ನು ಹೇಳಿದ್ದರು. ಅದನ್ನು ಕೇಳಿ ಮರುದಿನವೇ ಬಸ್ಸು ಹತ್ತಿದ್ದರು ದುರಗವ್ವ.

“ಬಾಯಾರ, ನಂಗ ಅಕಿ ಮಾರಿ ಮರ್ತಹೋಗೇತ್ರಿ” ಎಂದರು. “ಕನಸಿನ್ಯಾಗ ಬರ್ತಾಳ, ಬೆನ್ನ ಕಾಣತೈತಿ. ಒಮ್ಮಿ ಮಾರಿ ತೋರಿಸಿದ್ರ ಮುಂದ ನಾ ಇಟ್ಕೋತೇನಿ.”

ಟೇಪಿದೆ, ಓದುವ ಯಂತ್ರವಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳಲು ನನಗೆ ಅರ್ಧ ತಾಸು ಹಿಡಿಯಿತು. ಎಲ್ಲ ಕೇಳಿದ ಮೇಲೆ ಅವರು, “ಅಂದ್ರ ಪೆಟ್ಟಿಗ್ಯಾಗ ಅದಾಳ, ಕೀಲಿ ಇಲ್ಲ” ಎಂದರು. ನಿಮ್ಮ ತಾಂತ್ರಿಕ ಸಮಿತಿಯಲ್ಲಿ ಇಷ್ಟು ಚೆನ್ನಾಗಿ ತಿಳಿದುಕೊಂಡವರನ್ನು ನಾನು ನೋಡಿಲ್ಲ.

ನಿವೃತ್ತರಾಗಿ ಬಾದಾಮಿಯಲ್ಲಿದ್ದ ನೀಲಪ್ಪನವರನ್ನು ಹೋಗಿ ಕಂಡೆ. ಯಾವ ಮನೆ ಯಾವ ಟೇಪಿನಲ್ಲಿದೆ ಎಂಬ ಸೂಚಿ ಸರ್ವರಿನ ಜೊತೆಗೇ ಅಳಿಸಿಹೋಗಿತ್ತು. ಆದರೆ ಅವರು ಅದನ್ನೆಲ್ಲ ಉದ್ದ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದಿಟ್ಟಿದ್ದರು. ಮನೆ ನಂಬರು ೨೧೪, ಟೇಪು ೧೭. ಹುಬ್ಬಳ್ಳಿಯ ಹಳೆಯ ಪರಿಚಯದವರೊಬ್ಬರು ಓದುವ ಯಂತ್ರವನ್ನು ಎರಡು ದಿನದ ಮಟ್ಟಿಗೆ ಕೊಡಲು ಒಪ್ಪಿದರು. ಯಂತ್ರ ಸಿಕ್ಕಿದ್ದು ಒಂದು ವಾರದಲ್ಲಿ. ಟೇಪು ಹೊರಗೆ ತೆಗೆಯಲು ನಿಮ್ಮ ಅನುಮತಿ ಸಿಕ್ಕಿದ್ದು ಹದಿನಾಲ್ಕು ತಿಂಗಳಿಗೆ. ನನ್ನ ಅರ್ಜಿಯ ಅಂಚಿನಲ್ಲಿ ಯಾರೋ ಹಸಿರು ಶಾಯಿಯಲ್ಲಿ ಬರೆದಿದ್ದರು: ‘ಇದರಲ್ಲಿ ಸಾರ್ವಜನಿಕ ಹಿತಾಸಕ್ತಿ ಏನು?’ ಆ ಹದಿನಾಲ್ಕು ತಿಂಗಳಲ್ಲಿ ಒಂದು ಮಳೆಗಾಲ ಆ ಗೋಡೆಯೊಳಗೆ ಇಳಿಯಿತು. ದುರಗವ್ವ ಒಂಬತ್ತು ಸಲ ಬೇವೂರಿನಿಂದ ಬಂದು ಹೋದರು. ಸಾರ್ವಜನಿಕರೆಂದರೆ ಯಾರು ಸ್ವಾಮಿ? ಒಂಬತ್ತು ಸಲ ನಿಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂತವರು ಆ ಪಟ್ಟಿಯಲ್ಲಿ ಬರುವುದಿಲ್ಲವೇ?

೨೦೨೪ರ ಫೆಬ್ರವರಿಯಲ್ಲಿ, ಒಂದು ಬೆಳಗ್ಗೆ, ನೀಲಪ್ಪನವರೂ ನಾನೂ ಯಂತ್ರ ಜೋಡಿಸಿದೆವು. ದುರಗವ್ವ ಸೊಸೆ ಜಯಶ್ರೀಯ ಜೊತೆ ಬಂದಿದ್ದರು. ಹೊಸ ಇಳಕಲ್ಲ ಸೀರೆ ಉಟ್ಟಿದ್ದರು. ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಮಗಳು ತನ್ನನ್ನು ನೋಡುತ್ತಾಳೆ ಎಂಬಂತೆ ಬಂದಿದ್ದರು.

ಟೇಪು ಒಳಗೆ ಹೋಯಿತು. ಮುಕ್ಕಾಲು ತಾಸು ಯಂತ್ರ ಹಿಂದೆ ಮುಂದೆ ಸುತ್ತಿತು. ಆ ಮನೆಯ ವಿಡಿಯೊದ ಹತ್ತಿರ ಬರುತ್ತಲೇ ಎಳೆದೆಳೆದು ಓದತೊಡಗಿ, ಒಂದು ಕಡೆ ನಿಂತುಬಿಟ್ಟಿತು. ನೀಲಪ್ಪನವರು ಇನ್ನೆರಡು ಸಲ ಪ್ರಯತ್ನಿಸಿ ಕೈ ತೆಗೆದರು. “ಸಾಕು. ಇನ್ನ ಎಳದ್ರ ಪದರ ಕಿತ್ತ ಬರ್ತೈತಿ. ಇದರಾಗ ಇನ್ನೂ ಎಷ್ಟ ಮನಿ ಅದಾವ.” ಅಷ್ಟರಲ್ಲಿ ಬಂದದ್ದು ಹನ್ನೊಂದು ಸೆಕೆಂಡು.

ಅದನ್ನೇ ತೋರಿಸಿದೆ. ಪರದೆ ತುಂಬ ಪಾಟಿ. ಅದನ್ನು ಹಿಡಿದ ಎರಡು ಸಣ್ಣ ಕೈ. ಬೆರಳ ತುದಿಗಳಲ್ಲಿ ಗೋರಂಟಿ. ಹಿಂದೆ ಎಲ್ಲೋ ಕೋಳಿಯ ಸಪ್ಪಳ. ಹುಡುಗಿ ಒದರಿ ಹೇಳುತ್ತಾಳೆ: “ಮನಿ ನಂಬರ ಎರಡನೂರಾ ಹದಿನಾಕ.” ಆಮೇಲೆ ಅಪ್ಪನ ಹೆಸರು. ಕೊನೆಗೆ ಎದುರಿಗಿರುವವರಿಗೆ, ಮೆಲ್ಲಗೆ: “ಇನ್ನೊಮ್ಮಿ ಹೇಳ್ಲೇನ್ರಿ?” ಕ್ಯಾಮರಾ ಮೇಲೇಳಲು ಶುರುವಾಗುತ್ತದೆ. ಫ್ರಾಕಿನ ಕಾಲರು ಕಾಣುತ್ತದೆ. ಮುಗಿಯಿತು.

ದುರಗವ್ವ ಪರದೆಯನ್ನೇ ನೋಡುತ್ತ ಕೂತಿದ್ದರು.

“ಮುಂದ ಮಾರಿ ಬರ್ತೈತೇನ್ರಿ?”

“ಇಲ್ರಿ ಅವ್ವಾರ. ಮುಂದಿಂದು ಕೆಟ್ಟೈತಿ.”

“ಈ ಗೋರಂಟಿ ನಾನ ಹಚ್ಚಿದ್ದು” ಎಂದರು. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, “ಇನ್ನೊಮ್ಮಿ ಹೇಳಸ್ರಿ ಅಕಿ ಕಡಿಂದ.”

ಎಷ್ಟು ಸಲ ಹೇಳಿಸಿದೆನೋ ಲೆಕ್ಕವಿಲ್ಲ. ನೀಲಪ್ಪನವರು ಹೊರಗೆ ಹೋಗಿ ನಿಂತರು. ದುರಗವ್ವ ಹೊರಡುವಾಗ ಆ ಹನ್ನೊಂದು ಸೆಕೆಂಡನ್ನು ಜಯಶ್ರೀಯ ಫೋನಿಗೆ ಹಾಕಿಕೊಟ್ಟೆ.

ಅವತ್ತೇ ಇನ್ನೊಂದು ಆಸೆ ಹುಟ್ಟಿತು. ಬಾದಾಮಿಯ ಪ್ರತಿ ಗುಜರಿಗೆ ಹೋಗಿದ್ದರೂ ಎಲ್ಲಾದರೂ ಉಳಿದಿರಬಹುದಲ್ಲ? ವಿಲೇವಾರಿ ಪಟ್ಟಿಯ ಜಾಡು ಹಿಡಿದು ಹೊರಟರೆ ಅದು ನನ್ನ ಊರಿಗೇ ಬಂತು, ಇಳಕಲ್ಲಿನ ಗುಜರಿ ಅಂಗಡಿಯ ಬಾಬುಸಾಬರ ಹತ್ತಿರ. ಅವರು ಮರೆತಿರಲಿಲ್ಲ. “ಡಬ್ಬಿ ಒಡದ ಪ್ಲಾಸ್ಟಿಕ್ ಬ್ಯಾರೆ ಮಾಡಿದ್ವಿ ಬೇಟಿ. ರೀಲ್ ಯಾರೂ ತಗೊಳ್ಳಲ್ಲ. ಹೊಲದವರು ಒಯ್ದ್ರು, ಜ್ವಾಳಕ್ಕ ಕಟ್ಟಾಕ. ಗಾಳಿ ಬಿಟ್ಟ್ರ ಭರ್ರ್ ಅಂತೈತಿ, ಹಕ್ಕಿ ಬರೂದಿಲ್ಲ.”

ಹುನಗುಂದದ ದಾರಿಯಲ್ಲಿ ಅವರು ಹೇಳಿದ ಹೊಲ ಹುಡುಕಿದೆ. ಜೋಳ ತೆನೆಗಟ್ಟಿ ನಿಂತಿತ್ತು. ಬದುವಿನ ಜಾಲಿ ಗೂಟವೊಂದಕ್ಕೆ ಒಂದು ಮೊಳ ರೀಲು ಇನ್ನೂ ಸುತ್ತಿಕೊಂಡಿತ್ತು. ಬಿಸಿಲಿಗೆ ಬೆಳ್ಳಗಾಗಿತ್ತು. ಮುಟ್ಟಿದರೆ ಮುರಿಯಿತು. ಅದು ಯಾರ ಮನೆ, ಯಾರ ಮುಖ ಎಂದು ಯಾವ ಯಂತ್ರವೂ ಹೇಳಲಾರದು. ಅಲ್ಲೇ ಬದುವಿನ ಮೇಲೆ ಕೂತು ಅತ್ತೆ. ಸಹಿ ಹಾಕಿದ ದಿನ ಅಳಬೇಕಿತ್ತು.

ಮುಚ್ಚಿಡುವುದು ಸರಿಯೆನಿಸಲಿಲ್ಲ. ಬೇವೂರಿಗೆ ಹೋಗಿ ದುರಗವ್ವನಿಗೆ ಎಲ್ಲ ಹೇಳಿದೆ, ನನ್ನ ಸಹಿಯ ಮಾತನ್ನೂ. ಅವರು ಬೈಯಲಿಲ್ಲ. ನೀರು ಕೊಟ್ಟರು, ಬೆಲ್ಲ ಕೊಟ್ಟರು. “ಅಕಿನೂ ಹೊಲಕ್ಕ ಹಕ್ಕಿ ಕಾಯಾಕ ಹೋಗ್ತಿದ್ಲ್ರಿ. ಕವಣಿ ಬೀಸಾಕ ಬರ್ತಿದ್ದಿಲ್ಲ, ಬರೇ ಒದರತಿದ್ಲು” ಎಂದರು. ಅಧಿಕಾರಿಗಳೇ, ಅದು ನನ್ನನ್ನು ಸಮಾಧಾನ ಮಾಡಲು ಆ ತಾಯಿ ಆಡಿದ ಮಾತು. ದಯವಿಟ್ಟು ಅದನ್ನು ನಿಮ್ಮ ಪರ ಸಾಕ್ಷಿಯೆಂದು ಕಡತಕ್ಕೆ ಸೇರಿಸಿಕೊಳ್ಳಬೇಡಿ. ಅವರು ನನ್ನನ್ನು ಬಾಗಿಲವರೆಗೆ ಕಳಿಸಿ, ತಿರುಗಿ ಒಳಗೆ ಹೋಗುವಾಗ ಚೌಕಟ್ಟು ಹಿಡಿದುಕೊಂಡು ನಿಂತುದನ್ನು ನಾನು ನೋಡಿದ್ದೇನೆ.

ಮಾರ್ಚಿನಲ್ಲಿ ನನಗೆ ನೋಟಿಸು ಬಂತು. ಸರ್ಕಾರಿ ದತ್ತಾಂಶವನ್ನು ಖಾಸಗಿ ವ್ಯಕ್ತಿಯ ಫೋನಿಗೆ ಅನಧಿಕೃತವಾಗಿ ಹಸ್ತಾಂತರಿಸಿದ ಆರೋಪ. ಸಾವಿರಾರು ಮನೆಗಳನ್ನು ಗುಜರಿಗೆ ಹಾಕಿದ್ದು ವಿಲೇವಾರಿ. ಹನ್ನೊಂದು ಸೆಕೆಂಡನ್ನು ಹೆತ್ತವಳಿಗೆ ಕೊಟ್ಟದ್ದು ಸೋರಿಕೆ. ಗುತ್ತಿಗೆ ನವೀಕರಣವಾಗಲಿಲ್ಲ. ಆ ಬಗ್ಗೆ ನನ್ನ ತಕರಾರಿಲ್ಲ. ಈಗ ಇಳಕಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುತ್ತೇನೆ. ಮೊದಲ ಪಾಠ ನೀಲಪ್ಪನವರದೇ.

ಈಗ ಏಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮ ಕಚೇರಿ ಮತ್ತೆ ಹೊಳೆದಂಡೆಯ ಊರುಗಳಿಗೆ ಹೊರಟಿದೆ ಎಂದು ಕೇಳಿದೆ. ಈ ಸಲ ಡ್ರೋನು, ಟ್ಯಾಬು. ಜನ ಮತ್ತೆ ತಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ, ನಂಬರು ಹೇಳುತ್ತಾರೆ. ಸರ್ಕಾರದ ಹತ್ತಿರ ಇರುತ್ತದೆ ಎಂದು ನಂಬುತ್ತಾರೆ. ಅವರಿಗೆ ನೀವು ಏನು ಉತ್ತರ ಕೊಡುತ್ತೀರಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಶೌಚಾಲಯದ ಗೋಡೆಗಿರುವ ನಲವತ್ತೆರಡು ಟೇಪುಗಳನ್ನು ಈ ಬೇಸಿಗೆಯೊಳಗೆ ತಂಪಾದ ಒಣ ಕೋಣೆಗೆ ಸಾಗಿಸಿ, ಕೆಟ್ಟ ಟೇಪು ಓದಿಸಬಲ್ಲ ಪರಿಣತರಿಗೆ ಒಪ್ಪಿಸಿ. ಹದಿನೇಳನೆಯದನ್ನು ಮೊದಲು ಕೊಡಿ. ನೀಲಪ್ಪನವರ ನೋಟ್‌ಬುಕ್ಕನ್ನು ಅವರು ಇರುವಾಗಲೇ ನಕಲು ಮಾಡಿಸಿಕೊಳ್ಳಿ. ಓದಲು ಬಂದ ಮನೆಗಳನ್ನು ಎರಡು ಊರುಗಳಲ್ಲಿ ಇಡಿ, ವರ್ಷಕ್ಕೊಮ್ಮೆ ತೆಗೆದು ನೋಡಿ, ಕೇಳಿ ಬಂದವರಿಗೆ ಅರ್ಜಿ ಬರೆಸದೆ ತೋರಿಸಿ. ಮತ್ತು ಹೊಸ ಊರುಗಳಿಗೆ ಹೋಗುವ ನಿಮ್ಮ ಕ್ಯಾಮರಾದವರಿಗೆ ಒಂದು ಆದೇಶ ಕೊಡಿ: ಬಾಗಿಲಲ್ಲಿ ನಿಂತವರ ಮುಖವನ್ನು ಮೊದಲು ತೆಗೆಯಿರಿ. ನಂಬರು ಆಮೇಲೆ ತೆಗೆದರೂ ನಡೆಯುತ್ತದೆ.

ಇಂತಿ,
ವಿಲೇವಾರಿ ಪಟ್ಟಿಯ ಮೂರನೆಯ ಸಹಿಯವಳು,
ತಬಸುಮ
ಇಳಕಲ್ಲ