ಮಾವನ ಸಹಿ

ಪಣಂಬೂರು, ಮಂಗಳೂರು
೩-೭-೧೯೬೧

ಪ್ರೀತಿಯ ಮಗ ದೂಮಪ್ಪನಿಗೆ ಅಮ್ಮನ ಆಶೀರ್ವಾದ.

ನಿನ್ನ ಸೊಂಟನೋವು ಹೇಗುಂಟು? ಬೊಂಬಾಯಿ ಮಳೆಯಲ್ಲಿ ಕ್ಯಾಂಟೀನಿನ ಒದ್ದೆ ನೆಲದ ಮೇಲೆ ಮಲಗಬೇಡ, ಒಂದು ಹಲಗೆಯಾದರೂ ಹಾಕಿಕೋ. ಇಲ್ಲಿ ನನ್ನ ಮೊಣಕಾಲು ಬಿಟ್ಟರೆ ಎಲ್ಲ ಸೌಖ್ಯ. ಕಡಲು ಎದ್ದಿದೆ, ದೋಣಿಗಳೆಲ್ಲ ಮೇಲೆ ಬಂದಿವೆ, ಒಣಮೀನಿನ ಸಾರಿನಲ್ಲಿ ದಿನ ಹೋಗುತ್ತಿದೆ. ಇದನ್ನು ಬರೆಯುತ್ತಿರುವವನು ನಿನ್ನ ಅಳಿಯ ವಾಸು. ನಾನು ತುಳುವಿನಲ್ಲಿ ಹೇಳುತ್ತೇನೆ, ಅವನು ಕನ್ನಡ ಮಾಡುತ್ತಾನೆ. ತನ್ನದೊಂದು ಅಕ್ಷರವನ್ನೂ ಸೇರಿಸಬಾರದೆಂದು ಮೊದಲೇ ಆಣೆ ಮಾಡಿಸಿದ್ದೇನೆ. ಬರೆದಾದ ಮೇಲೆ ಓದಿಸಿಯೂ ಕೇಳುತ್ತೇನೆ.

ವಿಷಯ ಎಂತದೆಂದರೆ, ಇವನು ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಾನೆ. ಕಾಲೇಜಿನ ಮೇಷ್ಟ್ರು ಕರೆದು ಎರಡು ಫಾರಂ ಕೊಟ್ಟಿದ್ದಾರೆ, ಒಂದು ಡಾಕ್ಟರಿಗೆ, ಒಂದು ಇಂಜಿನಿಯರಿಗೆ. ಎರಡಕ್ಕೂ ಇಪ್ಪತ್ತನೇ ತಾರೀಕೇ ಕೊನೆ. ನಮ್ಮದು ಅಳಿಯಕಟ್ಟಿನ ಮನೆ, ಇಲ್ಲಿ ಅಧಿಕಾರ ಅಪ್ಪನಿಗಲ್ಲ, ಸೋದರಮಾವನಿಗೆ; ಯಜಮಾನ ನೀನು, ಸಹಿ ನಿನ್ನದೇ ಆಗಬೇಕು. ಎರಡು ದೋಣಿಯ ಮೇಲೆ ಕಾಲಿಟ್ಟವ ದಡ ಸೇರಲಿಕ್ಕಿಲ್ಲ. ಆದ್ದರಿಂದ ಡಾಕ್ಟರ ಫಾರಂ ಒಂದನ್ನೇ ಇದರೊಳಗೆ ಇಡಿಸುತ್ತಿದ್ದೇನೆ. ಕಣ್ಣು ಮುಚ್ಚಿ ಸಹಿ ಹಾಕಿ ಮರುಟಪಾಲಿಗೆ ಕಳಿಸು.

ಇವನಿಗೆ ಇಂಜಿನಿಯರ್ ಹುಚ್ಚು. ಹೌದು, ಹುಚ್ಚು ಎಂದೇ ಬರೆ ಎಂದೆ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾನೆ, ಅದನ್ನೂ ಬರೆ ಎಂದೆ. ಕೂಳೂರಿನಲ್ಲಿ ಹೊಳೆಗೆ ಸಂಕ, ಆ ಸಿಮೆಂಟಿನ ಸೇತುವೆ, ಕಟ್ಟುವಾಗ ಇವನು ಶಾಲೆ ಬಿಟ್ಟು ಸೀದಾ ಅಲ್ಲಿಗೇ ಹೋಗಿ ಕೂರುತ್ತಿದ್ದದ್ದು, ಚಡ್ಡಿ ತುಂಬ ಸಿಮೆಂಟು ಮಾಡಿಕೊಂಡು ಬರುತ್ತಿದ್ದದ್ದು ನಿನಗೆ ಬರೆಸಿದ್ದೆನಲ್ಲ. ಆಗಲೇ ಬೆನ್ನಿಗೆ ಎರಡು ಕೊಡಬೇಕಿತ್ತು. ಈಗ ಸುರತ್ಕಲ್ಲಿನಲ್ಲಿ ಹೊಸ ಇಂಜಿನಿಯರಿಂಗ್ ಕಾಲೇಜು ಆಗಿದೆ, ಮನೆಯಿಂದಲೇ ನಡೆದು ಹೋಗ್ತೇನೆ ಅಜ್ಜಿ ಎಂದು ನನಗೆ ಆಸೆ ಹುಟ್ಟಿಸುತ್ತಾನೆ. ನನಗೆ ನಡೆಯುವವ ಬೇಡ ಮಾರಾಯ, ನಾಡಿ ಹಿಡಿಯುವವ ಬೇಕು.

ಯಾಕೆಂದು ನಿನಗೆ ನಾನು ಹೇಳಬೇಕಾ? ಬರುವ ಆಟಿಯ ಜಡಿಮಳೆಯ ತಿಂಗಳಿಗೆ ನಿನ್ನ ತಂಗಿ, ಇವನ ಅಮ್ಮ ಕುಮುದಿನಿ ಹೋಗಿ ಹನ್ನೊಂದು ವರ್ಷ. ಇವನಿಗೆ ಆಗ ಆರು. ಎರಡನೇ ಹೆರಿಗೆಯ ನೋವಿನಲ್ಲಿ ಹಗಲಿಡೀ ಅವಳು ನನ್ನ ಕೈ ಬಿಡಲಿಲ್ಲ. ಸಂಕ ಇಲ್ಲದ ಕಾಲ. ನೀನು ಬೆಳಿಗ್ಗೆಯೇ ದೋಣಿಯಲ್ಲಿ ಹೊಳೆ ದಾಟಿ ಪೇಟೆಗೆ ಡಾಕ್ಟರನ್ನು ತರಲಿಕ್ಕೆ ಹೋಗಿದ್ದೆ. ಅಣ್ಣ ಬಂದನಾ, ಅಣ್ಣ ಬಂದನಾ ಎಂದು ಕೇಳಿ ಕೇಳಿ ಅವಳ ಬಾಯಿ ಒಣಗಿತು. ನೀನು ಮಾರನೇ ದಿನ ಬಂದು, ಪೇಟೆಯಿಡೀ ಹುಡುಕಿದೆ, ಯಾವ ಡಾಕ್ಟರೂ ಸಿಕ್ಕಲಿಲ್ಲ ಅಮ್ಮ ಎಂದೆ. ಅಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ. ಈ ಮನೆಯಲ್ಲೇ ಒಬ್ಬ ಡಾಕ್ಟರ್ ಆಗಬೇಕೆಂದು ನಾನು ಅಂದೇ ನಿಶ್ಚಯ ಮಾಡಿದೆ. ನೀನೂ ಆ ವರ್ಷವೇ ಕಡಲು ಬಿಟ್ಟು ಹೋದೆ. ದೋಣಿ ನಡೆಸುವ ತಾಂಡೇಲನ ಮಗ ಬೊಂಬಾಯಿಯಲ್ಲಿ ಚಾ ಕಾಯಿಸುತ್ತಾನೆ ಎಂದು ಊರೆಲ್ಲ ನಕ್ಕಿತು. ನಿನಗೂ ತಂಗಿಯ ದುಃಖ ಎಂದು ನಾನು ಒಂದು ಮಾತೂ ಆಡಲಿಲ್ಲ.

ಒಂದೇ ಚಿಂತೆ. ಫಾರಮ್ಮಿಗೆ ಆರೋಗ್ಯದ ಸರ್ಟಿಫಿಕೇಟು ಬೇಕೆಂದು ಶುಕ್ರವಾರ ಇವನು ಪೇಟೆಯ ರುಡೊಲ್ಫ್ ಡಾಕ್ಟರಲ್ಲಿಗೆ ಹೋಗಿ ಬಂದ. ಅಂದಿನಿಂದ ಬಾಯಿಗೆ ಬೀಗ. ಊಟ ಅರ್ಧಕ್ಕರ್ಧ. ಕೇಳಿದರೆ ಎಂತ ಇಲ್ಲ ಅಜ್ಜಿ ಅನ್ನುತ್ತಾನೆ. ಸೂಜಿ ನೋಡಿ ಹೆದರಿದನೋ ಏನೋ. ನಾಲ್ಕು ಹೆಣ ಕೊಯ್ದರೆ ಹೆದರಿಕೆ ತಾನಾಗಿ ಬಿಡುತ್ತದೆ ಎಂದು ನೀನೂ ಇವನಿಗೆ ಒಂದು ಮಾತು ಬರೆ.

ಈ ಸಲವಾದರೂ ಮಳೆಗಾಲದಲ್ಲಿ ಬಂದು ಹೋಗು ಮಗಾ. ಇಷ್ಟು ವರ್ಷದಲ್ಲಿ ಬಂದದ್ದು ಎರಡು ಸಲ, ಎರಡೂ ಬೇಸಿಗೆಯಲ್ಲಿ. ಈಗ ದೋಣಿ ಕಾಯಬೇಕೆಂದಿಲ್ಲ, ಬಸ್ಸು ಸಂಕದ ಮೇಲೆಯೇ ಬರುತ್ತದೆ. ಬೊಬ್ಬರ್ಯ ದೈವ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಅಮ್ಮಣ್ಣಿಯ ಹೆಬ್ಬೆಟ್ಟು

ತಾ.ಕ.: ಮಾವಾ, ಇದು ನಾನು ವಾಸು, ಆಣೆ ಮುರಿದು ಬರೆಯುತ್ತಿದ್ದೇನೆ. ಕವರು ಅಂಟಿಸಲಿಕ್ಕೆ ಅನ್ನದ ಅಗುಳು ತರಲು ಅಜ್ಜಿ ಒಳಗೆ ಹೋಗಿದ್ದಾರೆ. ರುಡೊಲ್ಫ್ ಡಾಕ್ಟರು ನನ್ನ ಊರು ಕೇಳಿದರು, ಅಮ್ಮನ ಹೆಸರು ಕೇಳಿದರು, ಆಮೇಲೆ ಅಮ್ಮ ಹೋದ ದಿನದ್ದು ಹೇಳಿದರು. ಆ ದಿನ ಅವರು ಬ್ಯಾಗು ಹಿಡಿದುಕೊಂಡು ಕೂಳೂರಿನ ದೋಣಿ ಕಡವಿನಲ್ಲಿ ಸಂಜೆಯವರೆಗೆ ನಿಮ್ಮ ಪಕ್ಕದಲ್ಲೇ ನಿಂತಿದ್ದರಂತೆ. ಹೊಳೆ ಕೆಂಪಾಗಿ ಉಕ್ಕಿತ್ತಂತೆ. ನೀವು ಮೂರು ಸಲ ದೋಣಿ ನೀರಿಗೆ ತಳ್ಳಿ ಮೂರು ಸಲವೂ ಹಿಂದೆ ಎಳೆದಿರಂತೆ. ಇಳಿದಿದ್ರೆ ನಾವಿಬ್ರೂ ಉಳೀತಿರ್ಲಿಲ್ಲ, ಅವನ ತಪ್ಪು ಎಂತ ಇಲ್ಲ ಅಂತ ನಿನ್ನ ಮಾವನಿಗೆ ಹೇಳು ಎಂದರು. ಹೇಳಿದ್ದೇನೆ. ಅಜ್ಜಿಗೆ ಹೇಳಿಲ್ಲ, ನೀವು ಯಾವುದಕ್ಕೆ ಸಹಿ ಹಾಕಿದರೂ ಹೇಳುವುದಿಲ್ಲ, ಅದಕ್ಕೆ ಹೆದರಬೇಡಿ. ಆದರೆ ಮಾವಾ, ಆ ದಿನ ಡಾಕ್ಟರು ಇದ್ದರು. ಇಲ್ಲದ್ದು ಸಂಕ. ಈ ಮನೆಯಲ್ಲಿ ಅದು ಗೊತ್ತಿರುವುದು ನಿಮಗೆ ಮತ್ತು ನನಗೆ. ಎರಡು ಫಾರಮ್ಮೂ ಒಳಗೆ ಇಟ್ಟಿದ್ದೇನೆ. ಅಜ್ಜಿ ಬಂದರು.